ಪಡುವಣಕ್ಕೆ ಕಡಲು, ಮೂಡಣಕ್ಕೆ ಹಟ್ಟಿ: ಉಪ್ಪಳದ ಬಳಿಯ ಒಂದು ಮನೆಗೆ ಅನಿಲದ ಪೈಪು ಆರಿಸಿದ ಬಗೆ

ಮಂಜೇಶ್ವರ ತಾಲೂಕಿನ ಉಪ್ಪಳದ ಬಳಿ, ಕಡಲಿನಿಂದ ಸುಮಾರು 600 ಮೀಟರ್ ಒಳಗೆ, ಮುರಕಲ್ಲಿನ ಗೋಡೆ ಮತ್ತು ಹಂಚಿನ ಮಾಡು ಇರುವ ಹಳೆಯ ಮನೆ. ಮುಖ ಪಡುವಣಕ್ಕೆ. ರಸ್ತೆ, ಗೇಟು, ಜಗಲಿ ಎಲ್ಲ ಆ ಬದಿಗೇ. ಅಡುಗೆಕೋಣೆ ಈಶಾನ್ಯ ಮೂಲೆಯಲ್ಲಿದೆ. ಅಲ್ಲಿಂದ ಮೂಡು ಗೋಡೆಗುಂಟ 8 ಮೀಟರ್ ತೆಂಕಕ್ಕೆ ಹೋದರೆ ಬಚ್ಚಲು. ಮೂಡು ಗೋಡೆಯಿಂದ 5 ಮೀಟರ್ ಆಚೆ ಹಟ್ಟಿ, ಅದರಲ್ಲಿ ಮೂರು ಕಾಸರಗೋಡು ಗಿಡ್ಡ ದನಗಳು. ಹಟ್ಟಿಯ ಬಡಗಕ್ಕೆ ಗೋಬರ್ ಗ್ಯಾಸಿನ ಟ್ಯಾಂಕಿ, ಅದಕ್ಕೆ ತಾಗಿ ಗೊಬ್ಬರದ ಗುಂಡಿ.

ಈ ಮನೆಗೆ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುವುದಿತ್ತು. ಮನೆಯವರಿಗೆ ಬೇಕಾಗಿದ್ದದ್ದು ಎರಡು: ಮೂರು ಬರ್ನರಿನ ಒಲೆಗೆ ಒಂದು ಲೈನು, ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರಿಗೆ ಇನ್ನೊಂದು. ಪೈಪು ಯಾವುದೆಂದು ಕೇಳಿದಾಗ ನಾಲ್ಕು ಕಡೆಯಿಂದ ನಾಲ್ಕು ಉತ್ತರ ಬಂದಿತ್ತು. ಗುತ್ತಿಗೆದಾರ ಜಗಲಿಯ ಕಂಬದ ಬಳಿ ಅನಿಲ ಅಳೆಯುವ ಮೀಟರ್ ಇಟ್ಟು, ಅಲ್ಲಿಂದ ಗೋಡೆ ಸುತ್ತಿ ಜಿ.ಐ. (ಸತುವು ಲೇಪಿಸಿದ ಕಬ್ಬಿಣದ) ಪೈಪು ಒಯ್ಯೋಣ, ಅಗೆತವೇ ಬೇಡ ಎಂದರು. ನೆಂಟರೊಬ್ಬರು ಎಲ್ಲ ಕಡೆಗೂ ತಾಮ್ರ ಹಾಕಿಸಿ ಎಂದರು. ನೀರಿನ ಕೆಲಸ ಮಾಡಿದ ಪ್ಲಂಬರ್ ಸಿ.ಪಿ.ವಿ.ಸಿ. ಪೈಪು ಉಳಿದಿದೆ, ಅದೇ ಸಾಕು ಎಂದರು. ಗೋಬರ್ ಗ್ಯಾಸಿನ ಹಳೆಯ ಪೈಪು ಹೇಗೂ ಅಡುಗೆಕೋಣೆಗೆ ಬಂದಿದೆಯಲ್ಲ, ಅದಕ್ಕೇ ಜೋಡಿಸಬಾರದೇ ಎಂಬುದು ಮನೆಯ ಹಿರಿಯರ ಪ್ರಶ್ನೆ.

ಕೊನೆಗೆ ಆ ಮನೆಗೆ ಮೂರು ಬಗೆಯ ಪೈಪು ಬಂತು: ನೆಲದೊಳಗೆ ಪಾಲಿಎಥಿಲೀನ್ (ಪಿ.ಇ.) ಎಂಬ ಪ್ಲಾಸ್ಟಿಕ್, ಹೊರಗೋಡೆಯ ಮೇಲೆ ಜಿ.ಐ., ಅಡುಗೆಕೋಣೆಯ ಒಳಗೆ ತಾಮ್ರ. ಯಾವುದು ಎಲ್ಲಿಂದ ಎಲ್ಲಿಯವರೆಗೆ, ಏಕೆ, ಎಂಬುದೇ ಈ ಪ್ರಕರಣ.

ಮೊದಲು ಬರುವ ಅನಿಲದ ಗುಣ

ಕಾಸರಗೋಡು ಜಿಲ್ಲೆಯನ್ನು ಹಾದುಹೋಗುವ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಸುಮಾರು 450 ಕಿಲೋಮೀಟರ್ ಉದ್ದದ್ದು. ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಇದರಲ್ಲಿ ಬರುವುದು ಕೊಚ್ಚಿಯ ಪುದುವೈಪ್ಪಿಗೆ ಹಡಗಿನಲ್ಲಿ ದ್ರವವಾಗಿ ಬಂದು ಮತ್ತೆ ಅನಿಲವಾದ ಮೀಥೇನ್. ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡುವ ಮೊದಲೇ ಅದರಿಂದ ನೀರಿನ ಅಂಶ, ಗಂಧಕದ ಅಂಶ ತೆಗೆದಿರುತ್ತಾರೆ. ಹಾಗಾಗಿ ಇದು ಒಣ ಅನಿಲ. ಪೈಪಿನ ಒಳಗೆ ತುಕ್ಕು ಹಿಡಿಯುವ ಭಯ ಬಹುಮಟ್ಟಿಗೆ ಇಲ್ಲ. ಪೈಪು ಹಾಳಾಗುವುದೇನಿದ್ದರೂ ಹೊರಗಿನಿಂದ. ತಾಮ್ರವನ್ನು ಕಪ್ಪಾಗಿಸಿ ಒಳಗೆ ಪುಡಿ ಉದುರಿಸುವ ಹೈಡ್ರೋಜನ್ ಸಲ್ಫೈಡೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ.

ಗೋಬರ್ ಗ್ಯಾಸಿನ ಪೈಪು ಬೇಡವೆನ್ನಲು ಇದೇ ಕಾರಣ ಸಾಕಾಗಿತ್ತು. ಗೋಬರ್ ಗ್ಯಾಸು ಒದ್ದೆ, ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಧಾರಾಳ. ಹಳೆಯ ಜಿ.ಐ. ಪೈಪಿನ ಒಂದು ಗೇಣು ತುಂಡನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಗೆಲ್ಲ ಕಪ್ಪು ಪುಡಿ, ತಳಭಾಗದಲ್ಲಿ ನೀರು ನಿಂತ ಗೆರೆ, ಆ ಗೆರೆಗುಂಟ ಗುಳಿಗಳು. ಆ ಪುಡಿ ಕಬ್ಬಿಣದ ಸಲ್ಫೈಡ್. ಒಣ ಅನಿಲ ಹರಿಯತೊಡಗಿದರೆ ಅದೆಲ್ಲ ಎದ್ದು ಗೀಸರಿನ ವಾಲ್ವಿಗೂ ಒಲೆಯ ಜೆಟ್ಟಿಗೂ ಹೋಗಿ ಕೂರುತ್ತದೆ. ಎರಡು ಅನಿಲಗಳನ್ನು ಒಂದೇ ಪೈಪಿಗೆ ವಾಲ್ವ್ ಹಾಕಿ ಬದಲಾಯಿಸಿಕೊಳ್ಳುವ ಏರ್ಪಾಡಂತೂ ಕೂಡದೇ ಕೂಡದು. ವಾಲ್ವ್ ತುಸು ಸೋರಿದರೂ ಅನಿಲ ಗೋಬರ್ ಟ್ಯಾಂಕಿಗೆ ಹೋಗಿ ತುಂಬುತ್ತದೆ. ಹಳೆಯ ಪೈಪನ್ನು ಅಡುಗೆಕೋಣೆಯ ಗೋಡೆಯ ಹೊರಗೇ ಕತ್ತರಿಸಿ, ಕ್ಯಾಪ್ ಹಾಕಿ, ಒಳಗಿನ ತುಂಡನ್ನು ಪೂರ್ತಿ ತೆಗೆಯಲಾಯಿತು. ಗೋಡೆಯಲ್ಲಿ ಉಳಿಸಿದರೆ ಮುಂದೊಂದು ದಿನ ಯಾರಾದರೂ ಅದಕ್ಕೆ ಜೋಡಿಸಿಯೇ ಜೋಡಿಸುತ್ತಾರೆ.

ಸಿ.ಪಿ.ವಿ.ಸಿ. ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಬಿಸಿನೀರಿನ ಪೈಪು. ಪೆಟ್ಟಿಗೆ ಚೂರಾಗುತ್ತದೆ, ಬೆಂಕಿಯ ಕಾವಿಗೆ ಮೆತ್ತಗಾಗಿ ಬಾಯಿ ಬಿಡುತ್ತದೆ. ಗಾಳಿ ತುಂಬಿ ಪರೀಕ್ಷೆ ಮಾಡುವಾಗಲೇ ಸಿಡಿದು ಚೂರುಗಳು ಹಾರಬಹುದು. ಮನೆಯೊಳಗಿನ ಅನಿಲಕ್ಕೆ ಪಿ.ವಿ.ಸಿ. ಜಾತಿಯ ಯಾವ ಪೈಪೂ ಸಲ್ಲದು.

15 ಎಂದರೆ ಯಾವ 15?

ಗೀಸರಿನ ಲೆಕ್ಕ ಹೀಗಿದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು ಗಂಟೆಗೆ 9,000 ಕಿಲೋ ಕ್ಯಾಲೊರಿ, ಅಂದರೆ ಸುಮಾರು 10.5 ಕಿಲೋವ್ಯಾಟ್ ಬೇಕು. ಗೀಸರಿನ ದಕ್ಷತೆ ಶೇಕಡಾ 84 ಎಂದಿಟ್ಟುಕೊಂಡರೆ ಒಳಗೆ ಹೋಗಬೇಕಾದ ಶಾಖ ಸುಮಾರು 12.5 ಕಿಲೋವ್ಯಾಟ್, ಅನಿಲದ ಲೆಕ್ಕದಲ್ಲಿ ಗಂಟೆಗೆ 1.3 ಘನ ಮೀಟರ್. ಒಲೆಯ ಮೂರೂ ಬರ್ನರ್ ಪೂರ್ತಿ ಉರಿದರೆ 0.6. ಒಟ್ಟು 1.9. ಮನೆಗಳಿಗೆ ಹಾಕುವ ಜಿ 1.6 ಮೀಟರ್ ಗಂಟೆಗೆ 2.5 ಘನ ಮೀಟರ್‌ವರೆಗೆ ತಾಳುತ್ತದೆ, ಅದು ಸಾಕು.

ಪೈಪಿನ ಮಾತು ಇಷ್ಟು ಸರಳವಲ್ಲ. ಮೀಟರ್ ದಾಟಿದ ಮೇಲೆ ಒತ್ತಡ ಬರೀ 21 ಮಿಲಿಬಾರ್. ನೀರಿನ ಕಂಬದ ಅಳತೆಯಲ್ಲಿ ಒಂದು ಗೇಣೂ ಇಲ್ಲ. ಮೀಟರಿನಿಂದ ಒಲೆ ಅಥವಾ ಗೀಸರ್ ತಲಪುವಾಗ ಅದರಲ್ಲಿ 1 ಮಿಲಿಬಾರ್‌ಗಿಂತ ಹೆಚ್ಚು ಇಳಿಯಬಾರದು ಎಂಬ ಮಿತಿಯನ್ನು ಇಲ್ಲಿ ಇಟ್ಟುಕೊಳ್ಳಲಾಗಿತ್ತು.

ಅಂಗಡಿಯಲ್ಲಿ 15ರ ಜಿ.ಐ. ಎಂದರೂ 15ರ ತಾಮ್ರ ಎಂದರೂ ಕಿವಿಗೆ ಒಂದೇ. ಆದರೆ ಜಿ.ಐ. ಪೈಪಿನ 15 ಸುಮಾರಾಗಿ ಒಳಬಾಯಿಯ ಅಳತೆ, ಐ.ಎಸ್. (ಭಾರತೀಯ ಮಾನದಂಡ) 1239ರ ಮಧ್ಯಮ ದರ್ಜೆಯಲ್ಲಿ ಹೊರವ್ಯಾಸ 21.3 ಮಿಮೀ, ಗೋಡೆ 2.6 ಮಿಮೀ, ಒಳಬಾಯಿ 16.1 ಮಿಮೀ. ತಾಮ್ರದ 15 ಹೊರವ್ಯಾಸ, ಗೋಡೆ 0.7 ಮಿಮೀ ಆದರೆ ಒಳಬಾಯಿ 13.6. ಎರಡೂವರೆ ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಏನೂ ಅಲ್ಲ. ಒತ್ತಡದ ಇಳಿತ ಮಾತ್ರ ಸುಮಾರಾಗಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಬದಲಾಗುವುದರಿಂದ, ಅಷ್ಟೇ ಅನಿಲಕ್ಕೆ ಈ ತಾಮ್ರದಲ್ಲಿ ಇಳಿತ 2.3 ಪಟ್ಟು. ಪಿ.ಇ.–ಅಲ್ಯುಮಿನಿಯಂ–ಪಿ.ಇ. ಪದರಗಳ ಕಾಂಪೊಸಿಟ್ ಪೈಪಿನಲ್ಲಿ 1216 ಎಂದರೆ ಒಳಬಾಯಿ 12, ಹೊರಗೆ 16. ಅದರಲ್ಲಿ ಇಳಿತ ಜಿ.ಐ.ಯ ನಾಲ್ಕು ಪಟ್ಟಿಗೂ ಹೆಚ್ಚು. ಅದರ ಫಿಟಿಂಗು ಪೈಪಿನ ಒಳಗೆ ತೂರುವಂಥದ್ದು, ಆದ್ದರಿಂದ ಪ್ರತಿ ಜೋಡಣೆಯಲ್ಲಿ ಬಾಯಿ ಇನ್ನೂ ಕಿರಿದು.

1 ಮಿಲಿಬಾರ್ ಇಳಿತಕ್ಕೆ 15ರ ಜಿ.ಐ. ಪೈಪು 12 ಮೀಟರ್ ಉದ್ದದಲ್ಲಿ ಗಂಟೆಗೆ 2.0 ಘನ ಮೀಟರ್ ಒಯ್ಯುತ್ತದೆ, 30 ಮೀಟರ್ ಉದ್ದದಲ್ಲಿ 1.3. ಅದೇ 12 ಮೀಟರಿಗೆ 15ರ ತಾಮ್ರದಲ್ಲಿ 1.3. ಪೈಪನ್ನು ಮೂಲೆಯಲ್ಲಿ ತಿರುಗಿಸುವ ಪ್ರತಿ ಎಲ್ಬೋವನ್ನು ಅರ್ಧ ಮೀಟರ್ ಪೈಪು ಎಂದು, ಬಾಗಿಸಿದ ತಿರುವನ್ನು 0.3 ಮೀಟರ್ ಎಂದು ಉದ್ದಕ್ಕೆ ಸೇರಿಸಿಕೊಳ್ಳಬೇಕು.

ಗುತ್ತಿಗೆದಾರರ ಯೋಜನೆಯಂತೆ ಜಗಲಿಯ ಬಳಿ ಮೀಟರ್ ಇಟ್ಟಿದ್ದರೆ ಗೀಸರಿನವರೆಗೆ 24 ಮೀಟರ್ ಪೈಪು, ಹತ್ತು ಎಲ್ಬೋ. ಲೆಕ್ಕಕ್ಕೆ 29 ಮೀಟರ್. 15ರ ಜಿ.ಐ.ಗೆ ಅಲ್ಲಿ 1.9 ಹೊರಲಾಗದು. ಗೀಸರ್ ಹೊತ್ತಿಸಿದಾಗ ಒಲೆಯ ಉರಿ ಕುಗ್ಗುತ್ತಿತ್ತು. 20ರ ಪೈಪು ಹಾಕಬೇಕಾಗುತ್ತಿತ್ತು, ಅದೂ ಕಡಲಿಗೆ ಎದುರಾದ ಗೋಡೆಯ ಮೇಲೆ.

ಉಪ್ಪುಗಾಳಿ ಎಲ್ಲಿ ತಿನ್ನುತ್ತದೆ

ಜಿ.ಐ. ಪೈಪಿಗೆ ರಕ್ಷಣೆ ಅದರ ಮೇಲಿನ ಸತುವು. ಚದರ ಮೀಟರಿಗೆ 400 ಗ್ರಾಂ ಸತುವು ಇದ್ದರೆ ದಪ್ಪ ಸುಮಾರು 56 ಮೈಕ್ರಾನ್. ಕಡಲ ಬದಿಯ ಕಟುವಾದ ಹವೆಯಲ್ಲಿ ಸತುವು ವರ್ಷಕ್ಕೆ 4ರಿಂದ 8 ಮೈಕ್ರಾನ್ ಸವೆಯುತ್ತದೆ. ಅಂದರೆ ಬರೀ ಮೈಗೆ 7ರಿಂದ 14 ವರ್ಷ. ಇದು ಪೈಪಿನ ನಡುಭಾಗದ ಲೆಕ್ಕ. ಥ್ರೆಡ್ ಕೊರೆದ ತುದಿಯಲ್ಲಿ ಸತುವೇ ಇರುವುದಿಲ್ಲ, ಥ್ರೆಡ್ ಕೊರೆಯುವ ಅಚ್ಚು (ಡೈ) ಅದನ್ನು ಮೊದಲ ಸುತ್ತಿಗೇ ಕೆತ್ತಿ ಹಾಕಿರುತ್ತದೆ. 15ರ, ಅಂದರೆ ಅರ್ಧ ಇಂಚಿನ ಪೈಪಿನ ಥ್ರೆಡ್ಡಿನ ಆಳ 1.16 ಮಿಮೀ. ಹಳದಿ ಪಟ್ಟಿಯ ಹಗುರ ದರ್ಜೆಯ ಪೈಪಿನ ಗೋಡೆ 2 ಮಿಮೀ. ಥ್ರೆಡ್ಡಿನ ಬುಡದಲ್ಲಿ ಅದಕ್ಕೆ ಉಳಿಯುವುದು 0.84 ಮಿಮೀ ಬರಿಯ ಕಬ್ಬಿಣ. ನೀಲಿ ಪಟ್ಟಿಯ ಮಧ್ಯಮ ದರ್ಜೆಯಲ್ಲಿ 1.44, ಕೆಂಪು ಪಟ್ಟಿಯ ಭಾರಿ ದರ್ಜೆಯಲ್ಲಿ 2 ಮಿಮೀಗಿಂತ ತುಸು ಹೆಚ್ಚು. ಕರಾವಳಿಯ ಮನೆಗಳಲ್ಲಿ ಜಿ.ಐ. ಪೈಪು ಸೋರತೊಡಗುವುದು ನಡುಮೈಯಲ್ಲಲ್ಲ, ಎಲ್ಬೋದ ಕುತ್ತಿಗೆಯಲ್ಲಿ. ಕಾರಣ ಇದೇ.

ಆದ್ದರಿಂದ ಇಲ್ಲಿ ಮೊದಲ ತೀರ್ಮಾನ ಪೈಪಿನದ್ದಲ್ಲ, ದಾರಿಯದ್ದು. ಕಡಲಿಗೆ ಮುಖವಾದ ಗೋಡೆಯ ಮೇಲೆ ಒಂದು ಮೀಟರ್ ಕಬ್ಬಿಣವೂ ಬೇಡ. ಗೇಟಿನಿಂದ ಬಡಗು ಅಗಳಿನ (ಗಡಿಯ ಕಂದಕದ) ಒಳಬದಿಗೆ 26 ಮೀಟರ್ ನೆಲದೊಳಗೆ ಬಂದು, ಅಡುಗೆಕೋಣೆಯ ಮೂಡು ಗೋಡೆಯ ಬಳಿ ಮೇಲೇಳಬೇಕು, ಮೀಟರೂ ಅಲ್ಲೇ. ನೆಲದೊಳಗೆ ಪಾಲಿಎಥಿಲೀನ್ ಪೈಪಿಗೆ ಸಾಟಿ ಇಲ್ಲ: ಉಪ್ಪು, ಗಂಜಲ, ತೇವ ಯಾವುದೂ ಅದಕ್ಕೆ ತಾಗದು. ಆರಿಸಿದ್ದು ಐ.ಎಸ್. 14885ರ ಪಿ.ಇ. 100, ಕಿತ್ತಳೆ ಬಣ್ಣದ್ದು, ಹೊರವ್ಯಾಸ 32 ಮಿಮೀ, ಎಸ್.ಡಿ.ಆರ್. 11 (ಹೊರವ್ಯಾಸ ಗೋಡೆಯ ದಪ್ಪದ ಸುಮಾರು 11 ಪಟ್ಟು), ಗೋಡೆ 3 ಮಿಮೀ. ಇದರಲ್ಲಿ 4 ಬಾರ್‌ವರೆಗಿನ ಒತ್ತಡ ಇರುವುದರಿಂದ 26 ಮೀಟರಿಗೆ ಆಗುವ ಇಳಿತ ಲೆಕ್ಕಕ್ಕಿಲ್ಲ. ಒತ್ತಡ ಇಳಿಸುವ ರೆಗ್ಯುಲೇಟರ್ ಮೀಟರಿನ ಬಳಿಯೇ ಕೂರುತ್ತದೆ.

ಪಾಲಿಎಥಿಲೀನಿನ ದೌರ್ಬಲ್ಯ ಬಿಸಿಲು ಮತ್ತು ಬೆಂಕಿ. ನೆಲದ ಮೇಲೆ ಬೆತ್ತಲೆ ಬರುವಂತಿಲ್ಲ, ಮನೆಯೊಳಗಂತೂ ಸಲ್ಲದು. ಹೊರಗೋಡೆಯ ಬುಡದಲ್ಲೇ ಟ್ರಾನ್ಸಿಶನ್ ಫಿಟಿಂಗ್ ಹಾಕಿ ಅಲ್ಲಿಂದ ಕಬ್ಬಿಣಕ್ಕೆ ಬದಲಾಯಿಸಬೇಕು, ಮೇಲೇಳುವ ಭಾಗಕ್ಕೆ ಕೊಳವೆಯ ಕವಚ ಹಾಕಬೇಕು.

ಹಟ್ಟಿ ಮತ್ತು ಹಿತ್ತಾಳೆ

ದಾರಿಯನ್ನು ಮೂಡಣಕ್ಕೆ ತಿರುಗಿಸಿದಾಗ ಎದುರಾದದ್ದು ಹಟ್ಟಿ. ಗಂಜಲದಿಂದ ಏಳುವ ಅಮೋನಿಯಾ ಕಬ್ಬಿಣಕ್ಕೆ ಅಷ್ಟಾಗಿ ಏನೂ ಮಾಡದು. ಹಿತ್ತಾಳೆಯನ್ನು ಮಾತ್ರ ಸೀಳುತ್ತದೆ. ತೇವ, ಅಮೋನಿಯಾ, ಬಿಗಿ ಮಾಡಿದಾಗ ಲೋಹದೊಳಗೆ ಉಳಿದ ಎಳೆತ, ಈ ಮೂರೂ ಒಟ್ಟಾದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರಿಯುತ್ತಿದ್ದವು. ಮಳೆಗಾಲಕ್ಕೆ ಕಾಣಿಸಿಕೊಳ್ಳುತ್ತಿದ್ದುದರಿಂದ ಅದಕ್ಕೆ ಋತುವಿನ ಹೆಸರೇ ಬಿತ್ತು. ಕಾರಣ ಅಮೋನಿಯಾ ಎಂದು ಲೋಹಶಾಸ್ತ್ರದವರು 1921ರಲ್ಲಿ ವಿವರಿಸಿದರು. ಲಾಯದ ಜಾಗದಲ್ಲಿ ಹಟ್ಟಿ, ತೋಟಾದ ಜಾಗದಲ್ಲಿ ಬಾಲ್ ವಾಲ್ವ್. ಉಳಿದದ್ದೆಲ್ಲ ಹಾಗೇ ಇದೆ.

ತಾಮ್ರವನ್ನೇ ಎಲ್ಲ ಕಡೆಗೂ ಹಾಕಿದ್ದರೆ ಹಟ್ಟಿಗೆ ಎದುರಾದ 8 ಮೀಟರಿನಲ್ಲಿ ಹಿತ್ತಾಳೆಯ ಫಿಟಿಂಗುಗಳು ಬರುತ್ತಿದ್ದವು. ಹೊರಗೋಡೆಯಲ್ಲಿ ತಾಮ್ರಕ್ಕೆ ಇನ್ನೊಂದು ದೋಷವೂ ಇದೆ: ಅದರ ಮೇಲಿಂದ ಹರಿದ ಮಳೆನೀರು ಕೆಳಗಿನ ಜಿ.ಐ. ಮೇಲೆ ಬಿದ್ದರೆ ಸತುವು ಗುಳಿ ಗುಳಿಯಾಗಿ ಕರಗುತ್ತದೆ. ಲೆಕ್ಕದಲ್ಲಿಯೂ ತಾಮ್ರ ಸೋಲುತ್ತದೆ. ಎಲ್ಲವೂ 15ರ ತಾಮ್ರವಾಗಿದ್ದರೆ ಗೀಸರಿಗೆ ತಲಪುವಾಗ ಇಳಿತ 1.3 ಮಿಲಿಬಾರ್ ದಾಟುತ್ತಿತ್ತು. ಹೀಗಾಗಿ ಗೀಸರಿನ ಕವಲಿಗೆ ಕೆಂಪು ಪಟ್ಟಿಯ 15ರ ಜಿ.ಐ., ಮೇಲೆ ಹಳದಿ ಪೌಡರ್ ಕೋಟಿಂಗ್, ಎಲ್ಬೋಗಳು ಜಿ.ಐ.ಯವೇ, ಗೀಸರಿನ ಬಳಿಯ ವಾಲ್ವ್ ಸ್ಟೇನ್‌ಲೆಸ್ ಸ್ಟೀಲಿನದ್ದು. ಭಾರಿ ದರ್ಜೆಯ ಒಳಬಾಯಿ ಮಧ್ಯಮ ದರ್ಜೆಯದಕ್ಕಿಂತ ತುಸು ಕಿರಿದು, ಸುಮಾರು 14.9 ಮಿಮೀ. ಆ ಲೆಕ್ಕ ಸೇರಿಸಿಯೂ ಮೀಟರಿನಿಂದ ಗೀಸರಿನವರೆಗಿನ ಇಳಿತ 1 ಮಿಲಿಬಾರ್‌ನ ಒಳಗೇ ಉಳಿಯಿತು.

ಅಡುಗೆಕೋಣೆಯ ಒಳಗೆ ತಾಮ್ರವೇ ಸರಿ. ಗೋಡೆಯ ತೂತಿನಿಂದ ಒಲೆಯವರೆಗೆ 4 ಮೀಟರ್. ಕಿಟಕಿಯ ಚೌಕಟ್ಟು, ಕಡಪ ಕಲ್ಲಿನ ಅಂಚು ತಪ್ಪಿಸಿಕೊಂಡು ಹೋಗಲು ನಾಲ್ಕು ತಿರುವು. ಜಿ.ಐ. ಆದರೆ ನಾಲ್ಕು ಎಲ್ಬೋ, ಎಂಟು ಥ್ರೆಡ್. ತಾಮ್ರವನ್ನು ಬೆಂಡರಿನಲ್ಲಿ ಬಾಗಿಸಿದರೆ ಜೋಡಣೆ ಎರಡೇ, ಎರಡೂ ಕಣ್ಣಿಗೆ ಕಾಣುವ ತುದಿಗಳಲ್ಲಿ. ದಿನಾ ನೀರು ಬೀಳುವ, ಒಗ್ಗರಣೆಯ ಹೊಗೆ ಅಂಟುವ ಜಾಗದಲ್ಲಿ ಜೋಡಣೆ ಕಡಿಮೆಯಾದಷ್ಟೂ ಒಳ್ಳೆಯದು. ಒಲೆಯ 0.6 ಘನ ಮೀಟರಿಗೆ ಈ ತುಂಡಿನಲ್ಲಿ ಇಳಿತ ಸುಮಾರು 0.1 ಮಿಲಿಬಾರ್ ಮಾತ್ರ. ಜೋಡಣೆಗೆ ಮೆತುಬೆಸುಗೆ ಬಿಟ್ಟು ಬೆಳ್ಳಿ ಬೆರೆಸಿದ ಕಡ್ಡಿಯಿಂದ ಬ್ರೇಜಿಂಗ್ ಮಾಡಿಸಲಾಯಿತು. ತವರದ ಬೆಸುಗೆ 230 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಒಲೆಯ ಹಿಂದೆ ಎಣ್ಣೆಗೆ ಬೆಂಕಿ ಹತ್ತಿದರೆ ಅಷ್ಟು ಕಾವು ಬರಲು ಹೊತ್ತು ಬೇಕಿಲ್ಲ. ಬ್ರೇಜಿಂಗ್ 600 ಡಿಗ್ರಿಯ ಮೇಲೂ ನಿಲ್ಲುತ್ತದೆ.

ಕಾಂಪೊಸಿಟ್ ಪೈಪನ್ನು ಈ ಮನೆಗೆ ಬಿಟ್ಟದ್ದು ಇಲಿಗಳ ಕಾರಣಕ್ಕೆ. ಅಡಿಕೆ, ಕೊಬ್ಬರಿ ತುಂಬುವ ಅಟ್ಟದ ಕೆಳಗೆ ಪ್ಲಾಸ್ಟಿಕ್ಕಿನ ಹೊರಮೈ ಉಳಿಯುವುದು ಕಷ್ಟ. ಸುಕ್ಕುಸುಕ್ಕಾದ ತೆಳು ಸ್ಟೇನ್‌ಲೆಸ್ ಪೈಪಿನ ಗೋಡೆ ಕಾಲು ಮಿಲಿಮೀಟರಿನ ಆಸುಪಾಸು. ಸಿಡಿಲಿನ ಕಿಡಿ ಅದನ್ನು ತೂತು ಮಾಡಿ ಬೆಂಕಿ ಹತ್ತಿಸಿದ ಪ್ರಕರಣಗಳು ಅಮೆರಿಕದಲ್ಲಿ ನಡೆದಿವೆ. ಮುಂಗಾರಿಗೆ ಮುಂಚೆಯೂ ತುಲಾ ಮಾಸದಲ್ಲೂ ಸಂಜೆ ಸಂಜೆ ಸಿಡಿಲು ಬಡಿಯುವ ನಮ್ಮ ಊರುಗಳಿಗೆ ಅದು ತಕ್ಕದ್ದಲ್ಲ.

ಹಾಕಿದ ಕ್ರಮ ಮತ್ತು ಎಡವಿದ ಜಾಗಗಳು

ಪೈಪು ಹೂಳಲು ಅಗೆದ ಕಣಿ 26 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಪೈಪಿನ ನೆತ್ತಿಯ ಮೇಲೆ 1 ಮೀಟರ್ ಮಣ್ಣು ಬರಬೇಕು. ಮೇಲೆ ಪಿಕ್ಕಾಸಿಗೂ ಜಗ್ಗದ ಮುರ, ಅದರಡಿಗೆ ಬಿಳಿ ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕುಸಿಯುತ್ತದೆ. ಆದ್ದರಿಂದ ಕೆಲಸ ಮಾರ್ಚಿನಲ್ಲೇ ಮುಗಿಯುವಂತೆ ನೋಡಿಕೊಳ್ಳಲಾಯಿತು. ಮುರದ ಚೂರುಗಳ ಅಂಚು ಬ್ಲೇಡಿನಂತಿರುತ್ತದೆ. ಪೈಪಿನ ಮೇಲೆ ಗೀರಿನ ಆಳ ಗೋಡೆಯ ಹತ್ತರಲ್ಲೊಂದು ಪಾಲು, ಅಂದರೆ 0.3 ಮಿಮೀ ಮೀರಿದರೆ ಆ ತುಂಡನ್ನು ಕತ್ತರಿಸಿ ಎಸೆಯಬೇಕು. ಅಗೆದ ಮಣ್ಣನ್ನೇ ವಾಪಸು ತುಂಬುವುದು ಈ ನೆಲದಲ್ಲಿ ಆಗದ ಮಾತು. ಪೈಪಿನ ಕೆಳಗೆ 15, ಮೇಲೆ 15 ಸೆಂಟಿಮೀಟರ್ ಜರಡಿ ಹಿಡಿದ ಎಂ-ಸ್ಯಾಂಡ್ ಹಾಕಲಾಯಿತು, ಸುಮಾರು 2.5 ಘನ ಮೀಟರ್. ಪೈಪಿನಿಂದ 30 ಸೆಂಟಿಮೀಟರ್ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಹಾಳೆ. ಗೊಬ್ಬರದ ಗುಂಡಿಯ ಬಳಿಯ 4 ಮೀಟರಿಗೆ ಮಾತ್ರ ದಪ್ಪ ಕೊಳವೆಯ ಕವಚ, ಏಕೆಂದರೆ ಅಲ್ಲಿ ವರ್ಷ ವರ್ಷವೂ ಗುದ್ದಲಿ ಬೀಳುತ್ತದೆ.

ಮೊದಲು ಎಡವಿದ್ದು ಇಲ್ಲಿ. ಸುರುಳಿ ಬಿಚ್ಚಿದ ಪೈಪನ್ನು ನಡುಮಧ್ಯಾಹ್ನ ಕಣಿಯಲ್ಲಿ ನೇರವಾಗಿ ಎಳೆದು, ಟ್ರಾನ್ಸಿಶನ್ ಫಿಟಿಂಗಿನ ಅಳತೆಗೆ ಸರಿಯಾಗಿ ಕತ್ತರಿಸಿಟ್ಟು ಹೋದರು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಪೈಪು ಒಂದು ಕೈಯಗಲ ಗಿಡ್ಡ! ಪಾಲಿಎಥಿಲೀನ್ ಪ್ರತಿ ಡಿಗ್ರಿಗೆ ಮೀಟರಿಗೆ 0.18 ಮಿಮೀ ಹಿಗ್ಗಿ ಕುಗ್ಗುತ್ತದೆ. 26 ಮೀಟರಿಗೆ, ಬಿಸಿಲಿನ ಪೈಪಿಗೂ ಮುಂಜಾನೆಯ ಪೈಪಿಗೂ 20 ಡಿಗ್ರಿ ವ್ಯತ್ಯಾಸವೆಂದರೆ 94 ಮಿಮೀ. ಅದೃಷ್ಟಕ್ಕೆ ಬೆಸುಗೆ ಇನ್ನೂ ಆಗಿರಲಿಲ್ಲ. ಆಗಿದ್ದರೆ ಆ ಎಳೆತವೆಲ್ಲ ಫಿಟಿಂಗಿನ ಕುತ್ತಿಗೆಗೆ ಬೀಳುತ್ತಿತ್ತು. ಒಂದು ಮೀಟರ್ ತುಂಡು ಸೇರಿಸಿ, ಪೈಪನ್ನು ಹಾವಿನಂತೆ ತುಸು ಅಡ್ಡಾಡಿಸಿ ಮಲಗಿಸಿ, ಕೊನೆಯ ಜೋಡಣೆಯನ್ನು ಬೆಳಿಗ್ಗೆ ಏಳು ಗಂಟೆಗೆ ಮಾಡಲಾಯಿತು.

ಪಾಲಿಎಥಿಲೀನ್ ಪೈಪನ್ನು ಕರೆಂಟಿನ ಕಾವಿನಿಂದ ಬೆಸೆಯುವ ಎಲೆಕ್ಟ್ರೋಫ್ಯೂಶನ್ ಕಪ್ಲರಿನಲ್ಲಿ ತಪ್ಪುವುದು ಹೆಚ್ಚಾಗಿ ಕೆರೆಯುವಲ್ಲಿ. ಪೈಪಿನ ಮೇಲ್ಪದರ ಗಾಳಿ, ಬಿಸಿಲಿಗೆ ಮಾಸಿರುತ್ತದೆ, ಅದನ್ನು 0.2 ಮಿಮೀಯಷ್ಟು ಸ್ಕ್ರೇಪರಿನಿಂದ ಸುತ್ತಲೂ ಕೆರೆದು ತೆಗೆಯದಿದ್ದರೆ ಬೆಸುಗೆ ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ. ಉಪ್ಪುಕಾಗದ ಉಜ್ಜಿದರೆ ಸಾಲದು. ಕೆರೆದ ಜಾಗವನ್ನು ಕೈಯಿಂದ ಮುಟ್ಟಬಾರದು, ಬೆವರಿನ ಹನಿಯೂ ಬೀಳಬಾರದು. ಕ್ಲ್ಯಾಂಪ್ ಹಾಕಿ, ಕಪ್ಲರಿನ ಮೇಲೆ ಬರೆದಷ್ಟು ನಿಮಿಷ ತಣಿಯುವವರೆಗೆ ಅಲುಗಿಸದೆ ಬಿಡಬೇಕು. ತಣಿಯುವ ಹೊತ್ತನ್ನು ಅರ್ಧಕ್ಕೆ ಇಳಿಸುವ ಆಸೆ ಎಲ್ಲ ಕೆಲಸಗಾರರಿಗೂ ಇರುತ್ತದೆ. ಹತ್ತಿರ ನಿಂತು ನೋಡಿಕೊಳ್ಳುವುದೇ ದಾರಿ.

ಗೋಡೆಯ ಮೇಲೆ ಜಿ.ಐ. ಪೈಪಿಗೂ ಕಲ್ಲಿಗೂ ನಡುವೆ 25 ಮಿಮೀ ಬಿಡಲಾಯಿತು. ಮುರಕಲ್ಲು ಮಳೆಗಾಲವಿಡೀ ನೀರು ಹಿಡಿದಿರುತ್ತದೆ. ಪೈಪು ಅದಕ್ಕೆ ತಾಗಿದರೆ ಹಿಂಬದಿ ಒಣಗುವುದೇ ಇಲ್ಲ, ಬಣ್ಣ ಬಳಿಯಲೂ ಕೈ ಹೋಗದು. ಕ್ಲ್ಯಾಂಪುಗಳು 2 ಮೀಟರಿಗೊಂದು, ತಾಮ್ರಕ್ಕೆ 1.5 ಮೀಟರಿಗೊಂದು. ಮುರಕಲ್ಲಿನಲ್ಲಿ ಬರೀ ಪ್ಲಗ್ ಹೊಡೆದರೆ ಎರಡು ಮಳೆಗೆ ಸಡಿಲ. ತೂತು ದೊಡ್ಡದಾಗಿ ಕೊರೆದು, ಸಿಮೆಂಟ್ ಗಾರೆ ತುಂಬಿ, ಗಟ್ಟಿಯಾದ ಮೇಲೆ ಪ್ಲಗ್ ಕೂರಿಸಬೇಕು. ಗೋಡೆ ದಾಟುವಲ್ಲಿ ದೊಡ್ಡ ಕೊಳವೆಯ ತೋಳು. ಅದರ ಒಳಬದಿಯ ಬಾಯಿ ಮುಚ್ಚಿ, ಹೊರಬದಿಯದು ತೆರೆದು. ಅಲ್ಲೇನಾದರೂ ಸೋರಿದರೆ ಅನಿಲ ಅಂಗಳಕ್ಕೆ ಹೋಗಬೇಕು, ಅಡುಗೆಕೋಣೆಗಲ್ಲ. ಗೋಡೆ ಕೊರೆದು ಪೈಪು ಹುದುಗಿಸಿ ಗಾರೆ ಮಾಡಿಬಿಡುವ ಆಲೋಚನೆ ಮನೆಯವರಿಗಿತ್ತು. ಮುರಕಲ್ಲಿನ ಗೋಡೆ ತೂತು ತೂತು. ಒಳಗೆ ಸೋರಿದ ಅನಿಲ ಎಲ್ಲಿ ಹೊರಬರುತ್ತದೆಂದು ಹೇಳಲಾಗದು. ಪೈಪು ಹೊರಗೇ ಉಳಿಯಿತು.

ಪರೀಕ್ಷೆ

ಮೀಟರ್, ರೆಗ್ಯುಲೇಟರ್ ಬಿಚ್ಚಿಟ್ಟು, ಮೀಟರಿನ ನಂತರದ ಲೈನಿಗೆ ಮೊದಲು 1 ಬಾರ್ ಗಾಳಿ ತುಂಬಿಸಿ ಸಾಬೂನು ನೀರು ಹಚ್ಚಲಾಯಿತು. ಆಮೇಲೆ 30 ಮಿಲಿಬಾರ್‌ಗೆ ಇಳಿಸಿ, ನೀರು ತುಂಬಿದ ಯು ಆಕಾರದ ಮ್ಯಾನೊಮೀಟರ್ ಜೋಡಿಸಿದರು. ಮುಳ್ಳಿನ ಗೇಜು ಇಲ್ಲಿ ಕೆಲಸಕ್ಕೆ ಬಾರದು. ಹತ್ತು ಬಾರ್‌ನ ಗೇಜಿನಲ್ಲಿ 1 ಮಿಲಿಬಾರ್ ಕಾಣುವುದೇ ಇಲ್ಲ. ಮ್ಯಾನೊಮೀಟರಿನಲ್ಲಿ ಅದು 10 ಮಿಮೀ ನೀರು. ಈ ಲೈನಿನ ಒಳಗಿನ ಜಾಗ ಎರಡು ಲೀಟರಿನಷ್ಟು. 1 ಮಿಲಿಬಾರ್ ಇಳಿದರೆ ಹೊರಬಿದ್ದದ್ದು 2 ಮಿಲಿಲೀಟರ್ ಗಾಳಿ. ಅಷ್ಟು ಸೂಕ್ಷ್ಮ ಪರೀಕ್ಷೆ ಇದು.

ಹಾಗಾಗಿಯೇ ದಾರಿಯನ್ನೂ ತಪ್ಪಿಸುತ್ತದೆ. ಮೊದಲ ಪರೀಕ್ಷೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ಮೋಡ ಮುಚ್ಚಿತು, ಗಾಳಿ ಬೀಸಿತು, ಕಾಲು ಗಂಟೆಯಲ್ಲಿ ನೀರಿನ ಮಟ್ಟ 70 ಮಿಮೀ ಇಳಿಯಿತು. ಸೋರಿಕೆ ಎಂದುಕೊಂಡು ಒಂದೊಂದೇ ಎಲ್ಬೋ ಬಿಗಿ ಮಾಡತೊಡಗಿದರು. ಒಂದು ಎಲ್ಬೋ ಅತಿಬಿಗಿತಕ್ಕೆ ಬಾಯಿ ಸೀಳಿ, ಇಲ್ಲದ ಸೋರಿಕೆ ನಿಜವಾಗಿಯೂ ಹುಟ್ಟಿತು. ಮುಚ್ಚಿದ ಪೈಪಿನಲ್ಲಿ ಒಂದು ಡಿಗ್ರಿ ತಣಿದರೆ ಒತ್ತಡ 3.5 ಮಿಲಿಬಾರ್, ಅಂದರೆ 35 ಮಿಮೀ ನೀರು ಇಳಿಯುತ್ತದೆ. 70 ಎಂದರೆ ಬರೀ ಎರಡು ಡಿಗ್ರಿ. ಎಲ್ಬೋ ಬದಲಾಯಿಸಿ, ಮರುದಿನ ಸೂರ್ಯ ಮೂಡುವ ಮೊದಲು, ಗಾಳಿ ತುಂಬಿಸಿ ಕಾಲು ಗಂಟೆ ಬಿಟ್ಟು ಅಳೆದಾಗ ನೀರು ಕದಲಲಿಲ್ಲ.

ಪರೀಕ್ಷೆಗೆ ಸಿಗದ ದೋಷವೂ ಒಂದಿತ್ತು. ಗೀಸರಿನ ಬಳಿಯ ಯೂನಿಯನ್ನಿಗೆ (ಬಿಚ್ಚಬಹುದಾದ ಜೋಡಣೆಗೆ) ಪ್ಲಂಬರ್ ಹಳೆಯ ಅಭ್ಯಾಸದಂತೆ ಸಣಬು ಸುತ್ತಿ ಬಣ್ಣ ಬಳಿದಿದ್ದರು. ಅಂದು ಅದು ಹನಿಯಷ್ಟೂ ಸೋರಲಿಲ್ಲ. ನೀರಿನ ಪೈಪಿನಲ್ಲಿ ಸಣಬು ಒದ್ದೆಯಾಗಿ ಉಬ್ಬಿಕೊಂಡೇ ಇರುತ್ತದೆ. ಒಣ ಅನಿಲದಲ್ಲಿ ತಿಂಗಳುಗಳು ಕಳೆದಂತೆ ಒಣಗಿ ಕುಗ್ಗುತ್ತದೆ, ಆಗ ಸೋರಲು ಶುರು. ಬಿಚ್ಚಿ, ಥ್ರೆಡ್ ತೊಳೆದು, ಅನಿಲಕ್ಕೆಂದೇ ಇರುವ ದಪ್ಪ ಪಿ.ಟಿ.ಎಫ್.ಇ. (ಟೆಫ್ಲಾನ್) ಟೇಪು ಸುತ್ತಿ ಮತ್ತೆ ಜೋಡಿಸಬೇಕಾಯಿತು. ಬಿಗಿ ಮಾಡಿದ ಮೇಲೆ ಹೊರಗೆ ಕಾಣುವ ಪ್ರತಿ ಥ್ರೆಡ್ಡಿಗೆ ಸತುವಿನ ಬಣ್ಣ, ಮೇಲೆ ಎಪಾಕ್ಸಿ.

ಮಣ್ಣಿನೊಳಗಿನ ಪ್ಲಾಸ್ಟಿಕ್ ಪೈಪು ವಿದ್ಯುತ್ತನ್ನು ಹರಿಸದ ಕಾರಣ ಮನೆಯ ಲೋಹದ ಪೈಪು ನೆಲದಿಂದ ಬೇರ್ಪಟ್ಟೇ ಇರುತ್ತದೆ. ಮೀಟರ್ ದಾಟಿದ ಕೂಡಲೇ ಕ್ಲ್ಯಾಂಪ್ ಹಾಕಿ 10 ಚದರ ಮಿಮೀ ತಾಮ್ರದ ತಂತಿಯಿಂದ ಮನೆಯ ಅರ್ತಿಂಗಿಗೆ ಜೋಡಿಸಲಾಯಿತು. ಇದರ ಅರ್ಥ ಅನಿಲದ ಪೈಪನ್ನೇ ಅರ್ತ್ ಆಗಿ ಬಳಸಬಹುದೆಂದಲ್ಲ; ಹಾಗೆ ಮಾಡಲೇಬಾರದು.

ಗೀಸರನ್ನು ಬಚ್ಚಲಿನ ಒಳಗೆ ಇಡಲು ಬಿಡಲಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ. ಹೊರಗೋಡೆಗೆ, ಮಾಡಿನ ಇಳಿಜಾರಿನ ಕೆಳಗೆ, ಮೂರು ಬದಿ ತೆರೆದ ಜಾಗದಲ್ಲಿ ಕೂರಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ. ಒಲೆಗೂ ಗೀಸರಿಗೂ ನೈಸರ್ಗಿಕ ಅನಿಲದ ಜೆಟ್ಟುಗಳನ್ನು ಅನಿಲ ಕಂಪನಿಯವರೇ ಹಾಕಿದರು. ಒಲೆಗೆ ಉಕ್ಕಿನ ತಂತಿಯ ಬಲವಿರುವ ಐ.ಎಸ್. 9573ರ ರಬ್ಬರ್ ಕೊಳವೆ, 1.5 ಮೀಟರ್ ಮೀರದಂತೆ, ಗೋಡೆ ದಾಟಿಸದಂತೆ. ಐದು ವರ್ಷಕ್ಕೆ ಬದಲು.

ಎಲ್.ಪಿ.ಜಿ.ಗೆ ಒಗ್ಗಿದವರು ಸೋರಿಕೆ ಎಂದರೆ ನೆಲ ನೋಡುತ್ತಾರೆ. ಈ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಹಂಚಿನ ಮಾಡಿನ ಸಂದುಗಳಲ್ಲಿ ಹೊರಹೋಗುತ್ತದೆಂಬ ಸಮಾಧಾನ ಈ ಅಡುಗೆಕೋಣೆಗೆ ಸಲ್ಲದು, ನಡುವೆ ಹಲಗೆಯ ಅಟ್ಟವಿದೆ. ಅನಿಲ ನಿಲ್ಲುವುದು ಆ ಹಲಗೆಯ ಅಡಿಯಲ್ಲಿ. ಅಟ್ಟದಿಂದ ಒಂದಡಿ ಕೆಳಗೆ ಮೀಥೇನ್ ಡಿಟೆಕ್ಟರ್ ಇಟ್ಟು, ಅಟ್ಟಕ್ಕೆ ತಾಗಿದಂತೆ ಗೋಡೆಯಲ್ಲಿ ಎರಡು ಜಾಲಿ ಬಿಡಿಸಲಾಯಿತು. ಡಿಟೆಕ್ಟರ್ ಬೇಕೇ ಬೇಕೆಂದದ್ದಕ್ಕೆ ಇನ್ನೊಂದು ಕಾರಣ ಹಟ್ಟಿ. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ ವಾಸನೆಯನ್ನು ಸೆಗಣಿ, ಗೋಬರ್ ಗ್ಯಾಸಿನ ವಾಸನೆಗೆ ಒಗ್ಗಿದ ಮೂಗು ಬೇಗ ಗುರುತಿಸದೆ ಇರಬಹುದು.

ಪ್ರತಿ ನವೆಂಬರಿನಲ್ಲಿ, ಮಳೆ ನಿಂತ ಮೇಲೆ, ಮೂಡು ಗೋಡೆಯ ಎಲ್ಬೋಗಳ ಕುತ್ತಿಗೆ ನೋಡಬೇಕು. ಬಿಳಿ ಪುಡಿ ಕಂಡರೆ ಸತುವು ಕರಗುತ್ತಿದೆ: ಉಜ್ಜಿ ಬಣ್ಣ ಬಳಿದರೆ ಸಾಕು. ಕೆಂಪು ನೀರು ಇಳಿದ ಗೆರೆ ಕಂಡರೆ ಬಣ್ಣ ಬಳಿದು ಮುಚ್ಚಬಾರದು. ಕಂಪನಿಗೆ ತಿಳಿಸಿ ಆ ಜೋಡಣೆ ಬದಲಾಯಿಸಬೇಕು. ಮೀಟರಿನ ಪೆಟ್ಟಿಗೆಯ ಬಾಗಿಲ ಒಳಬದಿಗೆ ನೆಲದೊಳಗಿನ ಪೈಪಿನ ನಕ್ಷೆ ಅಂಟಿಸಿದ್ದಾರೆ: ಅಗಳಿನಿಂದ 60 ಸೆಂಟಿಮೀಟರ್, ಗೊಬ್ಬರದ ಗುಂಡಿಯ ಅಂಚಿನಿಂದ ಎರಡೂವರೆ ಮೀಟರ್, ಆಳ 1 ಮೀಟರ್. ಗೊಬ್ಬರ ತೆಗೆಯಲು ಬರುವವರಿಗೆ ಗುದ್ದಲಿ ಕೊಡುವ ಮೊದಲು ಅದನ್ನು ತೋರಿಸುವುದು ಮನೆಯ ಹಿರಿಯರು ತಾವಾಗಿ ವಹಿಸಿಕೊಂಡ ಕೆಲಸ.